ಮನೆಯ ಬ್ರಾಡ್‌ಬ್ಯಾಂಡ್ ಕೆಟ್ಟಾಗ: ದೋಷ ಎಲ್ಲಿದೆ?

1902ರಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿಲೋಮೀಟರ್ ಉದ್ದದ ತಂತಿಯ ಮೂಲಕ ವಿದ್ಯುತ್ ಪಡೆದ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ತಂತಿಯ ದೂರ ಮತ್ತು ಸುಸ್ಥಿತಿ ಎರಡೂ ಎಷ್ಟು ಮುಖ್ಯವೆಂಬುದು ಹೊಸ ವಿಚಾರವಲ್ಲ. ಆ ಭಾಗದ ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಗಳ ಮನೆಗಳ ಬ್ರಾಡ್‌ಬ್ಯಾಂಡಿಗೂ ಅದೇ ಮಾತು ಸಲ್ಲುತ್ತದೆ.

ದೂರವಾಣಿಯ ತಾಮ್ರದ ಜೋಡಿ ತಂತಿಯಲ್ಲಿ ಬರುವ ಸಂಕೇತವು ವಿನಿಮಯ ಕೇಂದ್ರದಿಂದ ದೂರವಾದಷ್ಟೂ ಕ್ಷೀಣಿಸುತ್ತದೆ, ಮಳೆನೀರು ಇಳಿದ ಜೋಡಣೆಯಲ್ಲಿ ಮತ್ತಷ್ಟು ಕೆಡುತ್ತದೆ. ಆದ್ದರಿಂದ ದೂರವಾಣಿಯಲ್ಲಿ ಕೇಳುವ ಕರಕರ ಸದ್ದು ದೋಷದ ಮೊದಲ ಸುಳಿವಾಗಿರಬಹುದು. ಮನೆಗೆ ಬಂದ ಎಂಜಿನಿಯರ್ ಒಳಗಿನ ವೈರಿಂಗನ್ನೆಲ್ಲ ಬಿಡಿಸಿ, ತಂತಿ ಮನೆಯೊಳಗೆ ಪ್ರವೇಶಿಸುವ ಜಾಗದಲ್ಲೇ ಮೋಡೆಮ್ ಜೋಡಿಸಿ ನೋಡುವ ಪರೀಕ್ಷೆ ಎಲ್ಲಕ್ಕಿಂತ ನಿರ್ಣಾಯಕವಾದುದು: ಅಲ್ಲಿ ಸಂಪರ್ಕ ಸರಿಯಿದ್ದರೆ ದೋಷ ಮನೆಯೊಳಗಿದೆ, ಇಲ್ಲದಿದ್ದರೆ ಅದನ್ನು ಹೊರಗಿನ ಲೈನಿನಲ್ಲಿ ಹುಡುಕಬೇಕು.

ಗಾಜಿನ ಎಳೆಯಲ್ಲಿ ಬೆಳಕನ್ನು ಸಾಗಿಸುವ ಫೈಬರ್ ಸಂಪರ್ಕದಲ್ಲಿ ಮೋಡೆಮ್‌ನ ಕೆಂಪು ದೀಪವು ಬೆಳಕು ತಲುಪುತ್ತಿಲ್ಲವೆಂದು ಸೂಚಿಸುತ್ತದೆ, ಇದಕ್ಕೆ ತೀರ ಬಾಗಿದ ಕೇಬಲ್ಲೂ ಕಾರಣವಾಗಬಹುದು. ಕೇಬಲ್ಲಿನ ತುದಿಯನ್ನು ಕಣ್ಣಿನಿಂದ ನೋಡಲೇಬಾರದು, ಏಕೆಂದರೆ ಅಲ್ಲಿ ಹರಿಯುವ ಲೇಸರ್ ಬೆಳಕು ಅಗೋಚರವಾದರೂ ಕಣ್ಣಿಗೆ ಹಾನಿ ಮಾಡಬಹುದು.

ವೈಫೈ ಬದಲು ಕೇಬಲ್ ಜೋಡಿಸಿ ವೇಗ ಪರೀಕ್ಷಿಸಿ, ಸಂಪರ್ಕ ಕಡಿಯುವ ಹೊತ್ತುಗಳನ್ನು ಬರೆದಿಟ್ಟು, ಎಂಜಿನಿಯರ್ ಹೊರಡುವ ಮುನ್ನ ಅವರ ಅಳತೆಯ ಅಂಕಿಗಳನ್ನು ಓದುಗರು ಕೇಳಿ ಪಡೆಯಬೇಕು.