ಕಾಲಿನ ರಕ್ತನಾಳದ ರೋಗ: ಗಾಯವಾಗುವ ಮುನ್ನವೇ ಗುರುತಿಸಿ



ಹಸು ಕುಂಟಿದರೆ ನಾವು ಅಂದೇ ಗೊರಸು ಎತ್ತಿ ನೋಡುತ್ತೇವೆ, ಪಶುವೈದ್ಯರಿಗೆ ಹೇಳಿ ಕಳಿಸುತ್ತೇವೆ. ನಮ್ಮದೇ ಕಾಲು ನೋವಾದರೆ ಮಾತ್ರ "ವಾಯು", "ವಯಸ್ಸಾಯಿತು" ಎಂದು ಎಣ್ಣೆ ತಿಕ್ಕಿ ಸುಮ್ಮನಾಗುತ್ತೇವೆ. ಆದರೆ ಎಲ್ಲ ಕಾಲುನೋವೂ ವಾಯುವಲ್ಲ.

ರೋಗವೇನು?

ಕಾಲಿಗೆ ಶುದ್ಧರಕ್ತ ಒಯ್ಯುವ ಅಪಧಮನಿಗಳ ಒಳಗೋಡೆಗೆ ಕೊಬ್ಬು ಕಟ್ಟಿಕೊಂಡು ದಾರಿ ಕಿರಿದಾಗುತ್ತದೆ. ಕುಳಿತಾಗ ಬರುವಷ್ಟು ರಕ್ತ ಸಾಕಾಗುತ್ತದೆ. ನಡೆಯುವಾಗ ಸಾಲದೆ ಮೀನಖಂಡ ಹಿಡಿದುಕೊಳ್ಳುತ್ತದೆ. ಬೀಡಿ, ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೆಚ್ಚು ಕೊಲೆಸ್ಟರಾಲ್ ಇರುವವರು ಮತ್ತು ವಯಸ್ಸಾದವರಲ್ಲಿ ಇದು ಹೆಚ್ಚು. ಇಂಥವರಿಗೆ ಹೃದಯಾಘಾತ, ಲಕ್ವದ ಅಪಾಯವೂ ಹೆಚ್ಚು. ಅಲಕ್ಷಿಸಿದರೆ ಕಾಲನ್ನೇ ಕಳೆದುಕೊಳ್ಳಬೇಕಾದೀತು.

ಲಕ್ಷಣಗಳು

1. ಸ್ವಲ್ಪ ದೂರ ನಡೆದೊಡನೆ ಮೀನಖಂಡ ಅಥವಾ ತೊಡೆ ಹಿಡಿದುಕೊಂಡು, ನಿಂತರೆ ಕೆಲವೇ ನಿಮಿಷದಲ್ಲಿ ಬಿಡುವುದು.
2. ಒಂದು ಪಾದ ಇನ್ನೊಂದಕ್ಕಿಂತ ತಣ್ಣಗಿರುವುದು.
3. ಬೆರಳು, ಹಿಮ್ಮಡಿಯ ಗಾಯ ಎರಡು ವಾರವಾದರೂ ವಾಸಿಯಾಗದಿರುವುದು.
4. ಮಲಗಿದಾಗ ಪಾದ ನೋಯುವುದು, ಕಾಲು ಇಳಿಬಿಟ್ಟರೆ ಹಾಯೆನಿಸುವುದು. ಇದು ರೋಗ ಬಲಿತ ಲಕ್ಷಣ.

ಅನೇಕರಿಗೆ ನೋವೇ ಇರುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯದು.

ಪರೀಕ್ಷೆ

ರಾಸಿನ ನಾಡಿಯನ್ನು ನಾವು ಬಾಲದ ಬುಡದ ಕೆಳಗೆ ಮುಟ್ಟಿ ನೋಡುತ್ತೇವೆ. ಅದೇ ರೀತಿ ವೈದ್ಯರು ನಿಮ್ಮ ಪಾದದ ಮೇಲ್ಭಾಗದಲ್ಲಿ ಮತ್ತು ಕಣಕಾಲಿನ ಒಳಮೂಳೆಯ ಹಿಂದೆ ನಾಡಿ ನೋಡುತ್ತಾರೆ. ಅನುಮಾನವಿದ್ದರೆ ತೋಳಿನ ಮತ್ತು ಕಣಕಾಲಿನ ರಕ್ತದೊತ್ತಡ ಹೋಲಿಸುತ್ತಾರೆ. ತೋಳಿನಲ್ಲಿ 140, ಕಣಕಾಲಿನಲ್ಲಿ 98 ಇದ್ದರೆ ಅನುಪಾತ 0.70. ಇದು 0.90 ಅಥವಾ ಅದಕ್ಕಿಂತ ಕಡಿಮೆಯಾದರೆ ನಾಳ ಕಿರಿದಾಗಿದೆ ಎಂದರ್ಥ. ಸೂಜಿ ಚುಚ್ಚುವುದಿಲ್ಲ. ಹಾಲಿನ ಜಿಡ್ಡನ್ನು ಕಣ್ಣಳತೆಯಲ್ಲಿ ಹೇಳಲಾಗದಂತೆ ಇದನ್ನೂ ಅಳೆದೇ ತಿಳಿಯಬೇಕು.

ಸದಸ್ಯರು ಮಾಡಬೇಕಾದುದು

* ಬೀಡಿ, ಸಿಗರೇಟು, ತಂಬಾಕು ಪೂರ್ತಿ ಬಿಡಿ. ಎಲ್ಲಕ್ಕಿಂತ ಮುಖ್ಯವಾದ ಚಿಕಿತ್ಸೆ ಇದೇ.
* ಸಕ್ಕರೆ, ರಕ್ತದೊತ್ತಡ ಹತೋಟಿಯಲ್ಲಿಡಿ. ವೈದ್ಯರು ಹೇಳಿದ ಮಾತ್ರೆ, ಹೇಳಿದಷ್ಟು ನಡಿಗೆ ತಪ್ಪಿಸಬೇಡಿ.
* ಕೊಟ್ಟಿಗೆಗೆ ಬರಿಗಾಲಲ್ಲಿ ಹೋಗಬೇಡಿ. ಕೆಲಸ ಮುಗಿದ ಮೇಲೆ ಪಾದ ತೊಳೆದು, ಬೆರಳ ಸಂದು ಒರೆಸಿ, ಗಾಯವಿದೆಯೇ ನೋಡಿ.
* ರಾಸಿನ ಗಾಯಕ್ಕೆ ತಂದ ಟರ್ಪೆಂಟೈನ್, ಮುಲಾಮನ್ನು ನಿಮ್ಮ ಕಾಲಿಗೆ ಹಚ್ಚಬೇಡಿ. ತಣ್ಣಗಾದ, ಜೋಮು ಹಿಡಿದ ಪಾದಕ್ಕೆ ಬಿಸಿ ಶಾಖ ಕೊಡಬೇಡಿ. ಸುಟ್ಟರೂ ತಿಳಿಯದು.
* ಕಾಲು ದಿಢೀರನೆ ತಣ್ಣಗಾಗಿ, ಬಿಳಿಚಿ, ವಿಪರೀತ ನೋವು ಬಂದರೆ ಬೆಳಗಾಗಲೆಂದು ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿ. ಕೆಲವು ಗಂಟೆಗಳಲ್ಲೇ ಕಾಲು ಕೈತಪ್ಪಬಹುದು.

ಹಾಲಿನ ಕ್ಯಾನು ಹಿಡಿದು ಸಂಘಕ್ಕೆ ಬರುವ ದಾರಿಯಲ್ಲಿ ದಿನವೂ ಅಲ್ಲಲ್ಲಿ ನಿಂತು ಕಾಲು ಹಿಸುಕಿಕೊಳ್ಳುವವರು ಕಂಡರೆ, ಏಕೆಂದು ವಿಚಾರಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಒಂದು ಮಾತು ಒಂದು ಕಾಲನ್ನು ಉಳಿಸೀತು.