ಅರಿವಿಗೆ ಬಾರದ ಹೃದಯ ಹಾನಿ ಮತ್ತು ರಕ್ತಪರೀಕ್ಷೆಗಳು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಮರಣಗಳು ವರದಿಯಾದ ತರುವಾಯ, ಯಾವುದೇ ತೊಂದರೆಯಿಲ್ಲದ ಅನೇಕರು ಸಹ ಹೃದಯ ತಪಾಸಣೆಗಾಗಿ ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಸಾಲುಗಟ್ಟಿ ನಿಂತರು. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಹಾಸನ ಜಿಲ್ಲೆಯ ಗಡಿಗೆ ಹೊಂದಿಕೊಂಡಿವೆ. ಶ್ರೀರಂಗಪಟ್ಟಣ ಮತ್ತು ಪಾಂಡವಪುರ ತಾಲ್ಲೂಕುಗಳು ಮೈಸೂರಿಗೆ ಸಮೀಪದಲ್ಲಿವೆ. ಹೃದಯಕ್ಕೆ ಆಗಿರುವ ಹಾನಿಯನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದೇ, ತಿಳಿಯಬಹುದಾದರೆ ಎಷ್ಟರಮಟ್ಟಿಗೆ ಎಂಬ ಪ್ರಶ್ನೆಗೆ ಉತ್ತರವನ್ನು ಈ ನಾಲ್ಕು ತಾಲ್ಲೂಕುಗಳ ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

ಹಾನಿಯು ಅರಿವಿಗೆ ಬಾರದಿರಲು ಕಾರಣ

ಹೃದಯಾಘಾತವೆಂದರೆ ಎದೆಯನ್ನು ಹಿಂಡುವಂತಹ ನೋವು ಬಂದೇ ಬರುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಆದರೆ ಬಹುಕಾಲದಿಂದ ಮಧುಮೇಹವಿರುವವರಲ್ಲಿ ನರಗಳು ದುರ್ಬಲಗೊಂಡಿರುವ ಕಾರಣ ನೋವು ತಿಳಿಯದಿರಬಹುದು. ವಯಸ್ಸಾದವರಲ್ಲಿ ಹಾಗೂ ಮಹಿಳೆಯರಲ್ಲಿ ನೋವಿನ ಬದಲಾಗಿ ಉಸಿರುಗಟ್ಟುವಿಕೆ, ಅತಿಯಾದ ಸುಸ್ತು, ಬೆವರುವಿಕೆ, ವಾಕರಿಕೆ ಅಥವಾ ದವಡೆ, ಬೆನ್ನು, ತೋಳುಗಳಲ್ಲಿ ನೋವು ಕಾಣಿಸಿಕೊಳ್ಳಬಹುದು. ಇಂತಹ ಚಿಹ್ನೆಗಳನ್ನು 'ಗ್ಯಾಸ್ಟ್ರಿಕ್' ಎಂದೋ ದುಡಿಮೆಯ ಆಯಾಸವೆಂದೋ ಭಾವಿಸಿ ಮಾತ್ರೆ ನುಂಗಿ ಸುಮ್ಮನಿರುವುದರಿಂದ ಅಮೂಲ್ಯವಾದ ಸಮಯವು ಕಳೆದುಹೋಗುತ್ತದೆ. ಹೊರಗೆ ಕಾಣದ ಈ ಹಾನಿಯ ಗುರುತು ರಕ್ತದಲ್ಲಿ ಉಳಿದಿರುತ್ತದೆ.

ಟ್ರೋಪೋನಿನ್

ಟ್ರೋಪೋನಿನ್ ಎಂಬುದು ಹೃದಯದ ಸ್ನಾಯುಗಳು ಸಂಕುಚಿಸಲು ನೆರವಾಗುವ ಪ್ರೋಟೀನು. ಸ್ನಾಯುವಿನ ಜೀವಕೋಶಗಳಿಗೆ ಪೆಟ್ಟಾದಾಗ ಇದು ರಕ್ತಕ್ಕೆ ಸೇರುತ್ತದೆ. ಟ್ರೋಪೋನಿನ್-ಐ ಮತ್ತು ಟ್ರೋಪೋನಿನ್-ಟಿ ಎಂಬ ಎರಡು ಬಗೆಗಳನ್ನು ಅಳೆಯಲಾಗುತ್ತದೆ. ಇದಕ್ಕೆ ಮೊದಲು ಬಳಕೆಯಲ್ಲಿದ್ದ ಸಿ.ಕೆ.-ಎಂ.ಬಿ. ಪರೀಕ್ಷೆಗಿಂತ ಇದು ಹೃದಯದ ಹಾನಿಯನ್ನು ಹೆಚ್ಚು ಖಚಿತವಾಗಿ ತೋರಿಸುವುದರಿಂದ, 2000ನೇ ಇಸವಿಯಲ್ಲಿ ಯೂರೋಪ್ ಮತ್ತು ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು ಹೃದಯಾಘಾತದ ವ್ಯಾಖ್ಯೆಯಲ್ಲಿಯೇ ಇದಕ್ಕೆ ಮುಖ್ಯ ಸ್ಥಾನವನ್ನು ನೀಡಿದವು.

ಹೃದಯಾಘಾತವಾದ ತಕ್ಷಣವೇ ಟ್ರೋಪೋನಿನ್ ಏರುವುದಿಲ್ಲ. ಸಾಧಾರಣ ವಿಧಾನದ ಪರೀಕ್ಷೆಯಲ್ಲಿ ಏರಿಕೆ ಕಾಣಲು ಸುಮಾರು 3ರಿಂದ 6 ಗಂಟೆಗಳು ಬೇಕು. ಹೆಚ್ಚು ಸೂಕ್ಷ್ಮವಾದ ಹೊಸ ವಿಧಾನದಲ್ಲಿ ಇನ್ನೂ ಬೇಗ ತಿಳಿಯುತ್ತದೆ. ಆದುದರಿಂದ ನೋವು ಬಂದ ಅರ್ಧ ಗಂಟೆಯೊಳಗೆ ಮಾಡಿಸಿದ ಪರೀಕ್ಷೆಯು ಸಹಜವಾಗಿದ್ದರೂ ಅಪಾಯವಿಲ್ಲವೆಂದು ಅರ್ಥವಲ್ಲ. ವೈದ್ಯರು ಕೆಲವು ಗಂಟೆಗಳ ನಂತರ ಮತ್ತೊಮ್ಮೆ ರಕ್ತ ತೆಗೆಯಲು ಸೂಚಿಸಿದಲ್ಲಿ ಮನೆಗೆ ಹಿಂದಿರುಗದೆ ಆಸ್ಪತ್ರೆಯಲ್ಲಿಯೇ ಉಳಿಯತಕ್ಕದ್ದು. ಒಮ್ಮೆ ಏರಿದ ಟ್ರೋಪೋನಿನ್ ಒಂದು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ರಕ್ತದಲ್ಲಿ ಉಳಿಯುವುದರಿಂದ, ಕೆಲವು ದಿನಗಳ ಹಿಂದೆ ಅರಿವಿಲ್ಲದೆ ಆಗಿಹೋದ ಆಘಾತವೂ ಇದರಿಂದ ಬೆಳಕಿಗೆ ಬರಬಹುದು.

ಬಿ.ಎನ್.ಪಿ. ಮತ್ತು ಎನ್.ಟಿ.-ಪ್ರೊ-ಬಿ.ಎನ್.ಪಿ.

ಹೃದಯದ ಗೋಡೆಗಳ ಮೇಲೆ ಒತ್ತಡ ಹೆಚ್ಚಿ ಅವು ಹಿಗ್ಗಿದಾಗ ಹೃದಯವು ಬಿ.ಎನ್.ಪಿ. ಎಂಬ ಹಾರ್ಮೋನನ್ನು ಸ್ರವಿಸುತ್ತದೆ. 1988ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಮೊದಲಿಗೆ ಹಂದಿಯ ಮಿದುಳಿನಲ್ಲಿ ಗುರುತಿಸಿದರು. ಇದರ ಮುಖ್ಯ ಮೂಲವು ಹೃದಯವೇ ಎಂಬುದು ಅನಂತರ ತಿಳಿದುಬಂದಿತು. ಏದುಸಿರು, ಕಾಲಿನ ಊತ ಇರುವವರಲ್ಲಿ ತೊಂದರೆಯು ಶ್ವಾಸಕೋಶದ್ದೋ ಹೃದಯದ ವೈಫಲ್ಯದ್ದೋ ಎಂದು ತಿಳಿಯಲು ಈ ಪರೀಕ್ಷೆಯು ಸಹಕಾರಿಯಾಗಿದೆ. ಹಠಾತ್ತನೆ ಉಸಿರಾಟದ ತೊಂದರೆಯಾದವರಲ್ಲಿ ಬಿ.ಎನ್.ಪಿ. ಪ್ರಮಾಣವು ಒಂದು ಮಿಲಿಲೀಟರ್ ರಕ್ತದ್ರವದಲ್ಲಿ 100 ಪಿಕೋಗ್ರಾಂಗಿಂತ ಅಥವಾ ಎನ್.ಟಿ.-ಪ್ರೊ-ಬಿ.ಎನ್.ಪಿ. ಪ್ರಮಾಣವು 300 ಪಿಕೋಗ್ರಾಂಗಿಂತ ಕಡಿಮೆಯಿದ್ದಲ್ಲಿ ಹೃದಯ ವೈಫಲ್ಯದ ಸಂಭವವು ತೀರ ಕಡಿಮೆ.

ಫಲಿತಾಂಶವನ್ನು ಅರ್ಥೈಸುವ ಬಗೆ

1. ಮೂತ್ರಪಿಂಡದ ಕಾಯಿಲೆ, ತೀವ್ರ ಸೋಂಕು, ಹೃದಯದ ಸ್ನಾಯುವಿನ ಉರಿಯೂತ ಹಾಗೂ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವಿಕೆಯಿಂದಲೂ ಟ್ರೋಪೋನಿನ್ ಏರಬಹುದು. ಏರಿದ್ದೆಲ್ಲವೂ ರಕ್ತನಾಳ ಮುಚ್ಚಿದ ಹೃದಯಾಘಾತವಲ್ಲ.
2. ವಯಸ್ಸು ಹೆಚ್ಚಿದಂತೆ ಬಿ.ಎನ್.ಪಿ. ಹೆಚ್ಚುತ್ತದೆ, ಸ್ಥೂಲಕಾಯದವರಲ್ಲಿ ಕಡಿಮೆ ಕಾಣಬಹುದು.
3. ಕೊಲೆಸ್ಟ್ರಾಲ್ ಮತ್ತು ರಕ್ತದ ಸಕ್ಕರೆಯ ಪರೀಕ್ಷೆಗಳು ಮುಂದೆ ಬರಬಹುದಾದ ಅಪಾಯವನ್ನು ಸೂಚಿಸುತ್ತವೆ. ಟ್ರೋಪೋನಿನ್ ಮುಖ್ಯವಾಗಿ ಈಗಾಗಲೇ ಆಗಿರುವ ಹಾನಿಯನ್ನು ತಿಳಿಸುತ್ತದೆ. ಇವೆರಡನ್ನೂ ಒಂದೇ ಎಂದು ಭಾವಿಸಬಾರದು.
4. ಇಂದು ಟ್ರೋಪೋನಿನ್ ಸಹಜವಾಗಿದೆ ಎಂದ ಮಾತ್ರಕ್ಕೆ ಮುಂದಿನ ತಿಂಗಳು ಹೃದಯಾಘಾತವಾಗದೆಂಬ ಭರವಸೆಯಿಲ್ಲ. ಆದುದರಿಂದ ಯಾವುದೇ ಲಕ್ಷಣಗಳಿಲ್ಲದವರು ಕೇವಲ ಭಯದಿಂದ ಈ ಪರೀಕ್ಷೆಯನ್ನು ಮಾಡಿಸಿಕೊಳ್ಳುವ ಅಗತ್ಯವಿಲ್ಲ.

ಎದೆನೋವು ಕಾಣಿಸಿದಲ್ಲಿ ಅನುಸರಿಸಬೇಕಾದ ಕ್ರಮ

ಮೊದಲು ಆಗಬೇಕಾದುದು ಇ.ಸಿ.ಜಿ.; ರಕ್ತಪರೀಕ್ಷೆ ಅನಂತರದ್ದು. ಹೃದಯದ ದೊಡ್ಡ ರಕ್ತನಾಳವು ಪೂರ್ಣವಾಗಿ ಮುಚ್ಚಿದ್ದರೆ ಅದು ಸಾಮಾನ್ಯವಾಗಿ ಇ.ಸಿ.ಜಿ.ಯಲ್ಲಿಯೇ ತಿಳಿಯುತ್ತದೆ. ಅಂತಹ ಸಂದರ್ಭದಲ್ಲಿ ಟ್ರೋಪೋನಿನ್ ವರದಿಗಾಗಿ ಕಾಯದೆ ಚಿಕಿತ್ಸೆಯನ್ನು ಆರಂಭಿಸಲಾಗುತ್ತದೆ. ಕಾಯುವ ಪ್ರತಿ ನಿಮಿಷವೂ ಹೃದಯದ ಸ್ನಾಯುವು ಸಾಯುತ್ತಿರುತ್ತದೆ.

ಕೃಷ್ಣರಾಜಪೇಟೆ ಅಥವಾ ನಾಗಮಂಗಲದ ಒಳಭಾಗದ ಗ್ರಾಮದಿಂದ ನೇರವಾಗಿ ಮೈಸೂರಿಗೋ ಬೆಂಗಳೂರಿಗೋ ಹೊರಟಲ್ಲಿ ದಾರಿಯಲ್ಲಿಯೇ ಈ ಸಮಯವು ಕಳೆಯುತ್ತದೆ. ಆದುದರಿಂದ 108 ಆಂಬುಲೆನ್ಸ್‌ಗೆ ಕರೆ ಮಾಡಿ, ಇ.ಸಿ.ಜಿ. ಸೌಲಭ್ಯವಿರುವ ಸಮೀಪದ ಆಸ್ಪತ್ರೆಗೆ ಮೊದಲು ತಲುಪುವುದು ಕ್ಷೇಮಕರ. ತಾಲ್ಲೂಕು ಮಟ್ಟದ ಆಸ್ಪತ್ರೆಗಳನ್ನು ಹೃದ್ರೋಗ ಕೇಂದ್ರಗಳೊಂದಿಗೆ ಜೋಡಿಸಿ, ಇ.ಸಿ.ಜಿ.ಯನ್ನು ದೂರದಿಂದಲೇ ಪರಿಶೀಲಿಸಿ, ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ಉದ್ದೇಶದಿಂದ ರಾಜ್ಯದಲ್ಲಿ 2023ರಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಲಾಯಿತು. ಈ ಚುಚ್ಚುಮದ್ದು ಎಷ್ಟು ಬೇಗ ದೊರೆಯುವುದೋ ಅಷ್ಟು ಹೆಚ್ಚು ಫಲಕಾರಿ; 12 ಗಂಟೆಗಳು ಕಳೆದ ನಂತರ ಇದರ ಪ್ರಯೋಜನ ಅತ್ಯಲ್ಪ. ಮುಂದಿನ ಚಿಕಿತ್ಸೆಗಾಗಿ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೋ ಮೈಸೂರಿನ ಜಯದೇವ ಸಂಸ್ಥೆಗೋ ಕಳುಹಿಸುವ ತೀರ್ಮಾನವನ್ನು ವೈದ್ಯರಿಗೆ ಬಿಡತಕ್ಕದ್ದು.

ಮುನ್ನೆಚ್ಚರಿಕೆ

ಹಾಸನದ ಮರಣಗಳನ್ನು ಪರಿಶೀಲಿಸಲು ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ಅಧ್ಯಕ್ಷತೆಯಲ್ಲಿ ರಚಿಸಲಾದ ಸಮಿತಿಯು 2025ರ ಜುಲೈನಲ್ಲಿ ವರದಿ ನೀಡಿತು. ಮಧುಮೇಹ, ಅಧಿಕ ರಕ್ತದೊತ್ತಡ, ಧೂಮಪಾನ, ಮದ್ಯಪಾನ ಮುಂತಾದ ಹಳೆಯ ಕಾರಣಗಳೇ ಅದರಲ್ಲಿ ಎದ್ದು ಕಂಡವು. ಇವುಗಳನ್ನು ಪತ್ತೆಹಚ್ಚಲು ದುಬಾರಿ ಪರೀಕ್ಷೆಗಳು ಬೇಕಿಲ್ಲ. 30 ವರ್ಷ ಮೀರಿದವರು ತಮ್ಮ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಮತ್ತು ರಕ್ತದ ಸಕ್ಕರೆಯನ್ನು ನಿಯಮಿತವಾಗಿ ಪರೀಕ್ಷಿಸಿಕೊಳ್ಳುವುದು ಸೂಕ್ತ. ಔಷಧಿ ಸೇವಿಸುತ್ತಿರುವವರು ವೈದ್ಯರ ಸಲಹೆಯಿಲ್ಲದೆ ಅದನ್ನು ನಿಲ್ಲಿಸಬಾರದು. ಬೀಡಿ, ಸಿಗರೇಟು ಹಾಗೂ ತಂಬಾಕನ್ನು ಸಂಪೂರ್ಣವಾಗಿ ತ್ಯಜಿಸುವುದು ಅಗತ್ಯ.

ರಕ್ತದ ಸೂಚಕಗಳು ವೈದ್ಯರ ಕೈಯಲ್ಲಿರುವ ಉತ್ತಮ ಸಾಧನಗಳು. ಆದರೆ ರೋಗಿಯು ಸಕಾಲದಲ್ಲಿ ಆಸ್ಪತ್ರೆಯನ್ನು ತಲುಪಿದಾಗ ಮಾತ್ರ ಅವುಗಳಿಂದ ಪ್ರಯೋಜನವಾಗುತ್ತದೆ. ಎದೆನೋವು, ಏದುಸಿರು ಅಥವಾ ಕಾರಣವಿಲ್ಲದ ಬೆವರುವಿಕೆಯನ್ನು ಅಲಕ್ಷಿಸದೆ, ಹಗಲಾಗಲಿ ರಾತ್ರಿಯಾಗಲಿ, ಕೂಡಲೇ ಚಿಕಿತ್ಸೆ ಪಡೆಯಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.