ಸಂತೆಯ ನಡುವೆ ನಿಂತ ನೌಕಾಧಿಪತಿ

ಬರ್ಮಿಂಗ್‌ಹ್ಯಾಮ್ ಇಂಗ್ಲೆಂಡಿನ ನಡುನಾಡಿನ ಪಟ್ಟಣ. ಅಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ದೂರವೆ. ಹಿಂದಿನ ಕಾಲದಲ್ಲಿ ಅಲ್ಲಿಯ ಜನ ಕಬ್ಬಿಣ ಹಿತ್ತಾಳೆಗಳನ್ನು ಬಡಿದು ಬದುಕುತ್ತಿದ್ದವರು; ಗುಂಡಿ, ಬಕಲ್ಲು, ಕತ್ತಿ, ಕೋವಿ ಮಾಡುತ್ತಿದ್ದವರು. ಅಂಥ ಊರಿನ ಹಳೆಯ ಸಂತೆಮಾಳದಲ್ಲಿ, ಹೆಚ್ಚು ಕಡಮೆ ಅದೇ ಜಾಗದಲ್ಲಿ, 1809ನೆಯ ಇಸವಿಯಿಂದ ಒಬ್ಬ ನೌಕಾಧಿಪತಿ ಕಂಚಿನ ರೂಪದಲ್ಲಿ ನಿಂತಿದ್ದಾನೆ. ಆತನೇ ಹೊರೇಷಿಯೊ ನೆಲ್ಸನ್. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಮುಗಿಲೆತ್ತರದ ಕಂಬದ ಮೇಲಿರುವ ನೆಲ್ಸನ್ನನನ್ನು ಪಠ್ಯಪುಸ್ತಕದ ಚಿತ್ರದಲ್ಲಾದರೂ ನೋಡದವರು ವಿರಳ. ಆ ಕಂಬದ ತುದಿಗೆ ವಿಗ್ರಹವೇರಿದ್ದು 1843ರಲ್ಲಿ. ಅದಕ್ಕೆ 34 ವರ್ಷ ಮೊದಲೇ, ಮೂಲಂಗಿ ಕೊಳ್ಳಲು ಬಂದವಳೂ ತಲೆಯೆತ್ತಿದರೆ ಮುಖ ಕಾಣುವಷ್ಟು ಎತ್ತರದಲ್ಲಿ, ಈ ಕಮ್ಮಾರರ ಊರು ಆತನನ್ನು ನಿಲ್ಲಿಸಿಕೊಂಡಿತು. ಕಡಲಿಲ್ಲದ ಊರಿಗೆ ಕಡಲ ವೀರನೇಕೆ ಬೇಕಾಯಿತು ಎಂಬುದು ವಿಚಾರಮಾಡತಕ್ಕ ವಿಷಯ.

ಮೊದಲು ಆ ಸ್ಥಳದ ಮಾತು. ಅದಕ್ಕೆ 'ಬುಲ್ ರಿಂಗ್' ಎಂದು ಹೆಸರು. ಗೂಳಿಯನ್ನು ಕಬ್ಬಿಣದ ಬಳೆಗೆ ಕಟ್ಟಿ, ಅದರ ಮೇಲೆ ನಾಯಿಗಳನ್ನು ಛೂಬಿಟ್ಟು ನೋಡುವ ಕ್ರೂರ ವಿನೋದವೊಂದು ಹಿಂದೆ ಆ ನಾಡಿನಲ್ಲಿತ್ತು. ಹೆಸರು ಅದರಿಂದ ಬಂದದ್ದೆಂದು ಹೇಳುತ್ತಾರೆ. ಸಂತೆ ಮಾತ್ರ ಬಹಳ ಹಳೆಯದು. 1166ರಲ್ಲಿ ಪೀಟರ್ ಎಂಬ ಸ್ಥಳೀಯ ಒಡೆಯ ಎರಡನೆಯ ಹೆನ್ರಿ ದೊರೆಯಿಂದ ಸಂತೆ ನಡೆಸುವ ಹಕ್ಕುಪತ್ರವನ್ನು ಪಡೆದನು. ಊರು ಬೆಳೆದದ್ದೇ ಆ ಸಂತೆಯ ಸುತ್ತ. ಇಳಿಜಾರಾದ ಬಯಲು, ಕೆಳಗಡೆ ಸೇಂಟ್ ಮಾರ್ಟಿನ್ ಚರ್ಚು, ಸುತ್ತ ಅಂಗಡಿ ಸಾಲು.

ನೆಲ್ಸನ್ ಈ ಊರಿಗೆ ಬಂದದ್ದು 1802ರ ಆಗಸ್ಟ್ ತಿಂಗಳ ಕೊನೆಗೆ. ಫ್ರಾನ್ಸಿನೊಡನೆ ಆಗ ತಾತ್ಕಾಲಿಕವಾದ ಶಾಂತಿ. ಬಲಗೈಯನ್ನು 1797ರಲ್ಲಿ ಟೆನೆರೀಫ್ ದ್ವೀಪದ ಹೋರಾಟದಲ್ಲಿ ಕಳೆದುಕೊಂಡಿದ್ದನು. ಬಲಗಣ್ಣಿನ ನೋಟ ಅದಕ್ಕೂ ಮೊದಲೇ ಹೋಗಿತ್ತು. ಜೊತೆಗೆ ಸರ್ ವಿಲಿಯಂ ಹ್ಯಾಮಿಲ್ಟನ್ನನೂ ಆತನ ಪತ್ನಿ ಎಮ್ಮಾ ಹ್ಯಾಮಿಲ್ಟನ್ನಳೂ ಇದ್ದರು. ಆ ಮೂವರ ಸಂಬಂಧದ ವಿಚಾರವಾಗಿ ಇಂಗ್ಲೆಂಡಿನ ದೊಡ್ಡವರ ಮನೆಗಳಲ್ಲಿ ಗುಸುಗುಸು ಬಹಳ. ಬರ್ಮಿಂಗ್‌ಹ್ಯಾಮಿನ ಜನ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ನೊಗಕ್ಕೆ ಹೆಗಲು ಕೊಟ್ಟು ಎಳೆದರು. ನೆಲ್ಸನ್ ನಾಟಕ ನೋಡಿದ. ಕತ್ತಿ ಮಾಡುವ, ಗುಂಡಿ ಮಾಡುವ, ಗಾಜಿಗೆ ಬಣ್ಣ ಬರೆಯುವ ಕಾರ್ಖಾನೆಗಳನ್ನೆಲ್ಲ ಸುತ್ತಿದ. ಜೇಮ್ಸ್ ವಾಟನೊಡನೆ ಪಾಲುಗಾರಿಕೆಯಲ್ಲಿ ಉಗಿಯಂತ್ರಗಳನ್ನು ಮಾಡಿಸಿದ ಮ್ಯಾಥ್ಯೂ ಬೋಲ್ಟನ್ನನನ್ನೂ ಕಂಡ. ಮೂರು ವರ್ಷದ ಮೇಲೆ, 1805ರ ಅಕ್ಟೋಬರ್ 21ರಂದು, ಟ್ರಫಾಲ್ಗರ್ ಕದನದಲ್ಲಿ ಗೆದ್ದು ನೆಲ್ಸನ್ ಮಡಿದಾಗ ಈ ಬೋಲ್ಟನ್ ತನ್ನ ಟಂಕಸಾಲೆಯಲ್ಲಿ ಪದಕಗಳನ್ನು ಅಚ್ಚುಹಾಕಿಸಿ, ಸ್ವಂತ ಖರ್ಚಿನಲ್ಲಿ, ಆ ಕದನದಲ್ಲಿ ಹೋರಾಡಿದ ಸಾಮಾನ್ಯ ನಾವಿಕರಿಗೆ ಹಂಚಿದನು. ಸರಕಾರ ಅಂಥವರಿಗೆ ಪದಕ ಕೊಡುವ ರೂಢಿ ಆಗ ಇರಲಿಲ್ಲ.

ಆಮೇಲೆ ಊರಿನಲ್ಲಿ ಚಂದಾ ಎತ್ತುವ ಕೆಲಸ ನಡೆಯಿತು. ಒಟ್ಟಾದ ಹಣ ಸುಮಾರು 2,500 ಪೌಂಡು. ರಿಚರ್ಡ್ ವೆಸ್ಟ್‌ಮಕಾಟ್ ಎಂಬ ಹೆಸರಾಂತ ಶಿಲ್ಪಿಗೆ ಕೆಲಸವನ್ನು ವಹಿಸಿದರು. ಮೂರನೆಯ ಜಾರ್ಜ್ ದೊರೆಯ ಆಳ್ವಿಕೆಯ ಸುವರ್ಣೋತ್ಸವದ ದಿನ, 1809ರ ಅಕ್ಟೋಬರ್ 25ರಂದು, ಅನಾವರಣವಾಯಿತು. ಆ ಊರಿನ ಮೊದಲ ಸಾರ್ವಜನಿಕ ವಿಗ್ರಹ ಅದು. ಬ್ರಿಟನ್ನಿನಲ್ಲಿ ನೆಲ್ಸನ್ನನ ಮೊದಲ ವಿಗ್ರಹವೂ ಅದೇ ಎಂದು ಎಣಿಸುತ್ತಾರೆ.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. 1809ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಪಾರ್ಲಿಮೆಂಟಿನಲ್ಲಿ ತನ್ನದೇ ಆದ ಪ್ರತಿನಿಧಿ ಇರಲಿಲ್ಲ, ನಗರಸಭೆಯೂ ಇರಲಿಲ್ಲ. ಮೊದಲನೆಯದು 1832ರಲ್ಲಿ, ಎರಡನೆಯದು 1838ರಲ್ಲಿ ದೊರೆತವು. ಬೀದಿ ನೋಡಿಕೊಳ್ಳುವ ಕಮಿಷನರುಗಳಿದ್ದರು, ಅಷ್ಟೆ. ಊರು ಎಂಬುದಕ್ಕೆ ಕಾಯಿದೆಯ ಕಣ್ಣಿನಲ್ಲಿ ದನಿಯೇ ಇಲ್ಲದಿದ್ದ ಕಾಲದಲ್ಲಿ ಊರವರು ಕೂಡಿ ಮಾಡಿದ ಕೆಲಸವಿದು. ಆದಕಾರಣ ಅದರ ಬರಹ ದೊರೆಯ ಹೆಸರನ್ನಾಗಲಿ ಪ್ರಭುಗಳ ಹೆಸರನ್ನಾಗಲಿ ಹಿಡಿಯದೆ, ಬರ್ಮಿಂಗ್‌ಹ್ಯಾಮಿನ ನಿವಾಸಿಗಳು ನಿಲ್ಲಿಸಿದರು ಎಂದಷ್ಟೇ ಹೇಳಿತು. ನಮ್ಮಲ್ಲಿ ತುರು ಹಿಡಿದವರೊಡನೆ ಕಾದಿ ಮಡಿದವನಿಗೆ ಹಳ್ಳಿಯವರೇ ವೀರಗಲ್ಲು ನಿಲ್ಲಿಸಿದ್ದುಂಟು. ಕಡಲ ಕಾಳಗದ ವೀರಗಲ್ಲುಗಳೂ ಪಡುವಣ ಕರಾವಳಿಯಲ್ಲಿವೆ. ಮುಂಬಯಿಯ ಬೊರಿವಲಿಗೆ ಸೇರಿದ ಏಕ್ಸರದ ಕಲ್ಲುಗಳಲ್ಲಿ ಹುಟ್ಟು ಹಾಕುತ್ತ ಸಾಲಾಗಿ ನುಗ್ಗುವ ಹಡಗುಗಳನ್ನು ಕಾಣಬಹುದು. ವೀರನೊಡನೆ ಅವನನ್ನು ನೆನೆದವರ ಗುರುತನ್ನೂ ಉಳಿಸುವುದು ಅಂಥ ಕಲ್ಲುಗಳ ಒಂದು ಗುಣ.

ಬುಲ್ ರಿಂಗಿನ ಶಿಲ್ಪಕ್ಕೂ ಆ ಗುಣವಿತ್ತು. ಮೇಲೆ ನೆಲ್ಸನ್ ಲಂಗರಿಗೆ ಎಡತೋಳನ್ನು ಒರಗಿಸಿ ನಿಂತಿದ್ದಾನೆ. ಆ ಕಾಲದ ಶಿಲ್ಪಿಗಳಿಗೆ ರೋಮನರ ಬಟ್ಟೆಯ ಮೇಲೆ ಮೋಹ. ಇಲ್ಲಿ ಹಾಗಿಲ್ಲ, ಆತ ತನ್ನ ಕಾಲದ ನೌಕಾಪಡೆಯ ಉಡುಪನ್ನೇ ಉಟ್ಟಿದ್ದಾನೆ, ಬರಿದಾದ ಬಲದೋಳನ್ನು ಮುಚ್ಚಿಟ್ಟಿಲ್ಲ. ಪಕ್ಕದಲ್ಲಿ ಹಡಗಿನ ಮುಂಭಾಗ. ಕೆಳಗಡೆ ದುಂಡನೆಯ ಅಮೃತಶಿಲೆಯ ಪೀಠ. ಅದರ ಮೇಲಣ ಉಬ್ಬುಕೆತ್ತನೆಯಲ್ಲಿ ಬರ್ಮಿಂಗ್‌ಹ್ಯಾಮ್ ಪಟ್ಟಣವೇ ಒಬ್ಬ ಹೆಂಗಸು: ತಲೆಯ ಮೇಲೆ ಕೋಟೆಗೋಡೆಯ ಆಕಾರದ ಕಿರೀಟ, ಬಾಡಿದ ಮುಖ, ವೀರನಿಗಾಗಿ ಶೋಕ. ಸುತ್ತ ಮಕ್ಕಳು, ಮುಂದಿನ ಪೀಳಿಗೆಯೆಂದು ಅವರ ಅರ್ಥ. ಅವರು ತ್ರಿಶೂಲವನ್ನೂ ಚುಕ್ಕಾಣಿಯನ್ನೂ ತಂದು ಆ ತಾಯಿಯನ್ನು ಸಂತೈಸುತ್ತಿದ್ದಾರೆ. ಸುತ್ತ ಹಾಕಿದ ಕಬ್ಬಿಣದ ಕಟಾಂಜನ ಹಡಗಿನವರ ಭರ್ಜಿಗಳ ಆಕಾರದ್ದು, ಭರ್ಜಿಗಳನ್ನು ಹೆಣೆದದ್ದು ಹಗ್ಗದಂತೆ ಹೊಸೆದ ಕಬ್ಬಿಣ. ನಾಲ್ಕು ಮೂಲೆಗೆ ನೆಟ್ಟಗೆ ನಿಲ್ಲಿಸಿದ ಫಿರಂಗಿಗಳು; ಅವುಗಳ ಮೇಲೆ ಹಡಗಿನ ಲಾಂದ್ರ.

ಹಡಗಿನ ಮುಂಭಾಗದ ಮೇಲ್ಗಡೆ ಇನ್ನೊಂದು ಸಣ್ಣ ವಸ್ತುವನ್ನು ಶಿಲ್ಪಿ ಸೇರಿಸಿದನೆಂದು ಅಂದಿನ ವಿವರಣೆ ಹೇಳುತ್ತದೆ: 'ಲೋರಿಯಾಂ' ಎಂಬ ಫ್ರೆಂಚ್ ಹಡಗಿನ ಧ್ವಜಸ್ತಂಭದ ತುದಿಯ ಗುಬ್ಬಿಯ ಪ್ರತಿರೂಪ. ಇದು ನಮಗೆ ಸಂಬಂಧವಿಲ್ಲದ ಮಾತಲ್ಲ. ನೆಪೋಲಿಯನ್ ಈಜಿಪ್ಟಿಗೆ ಬಂದದ್ದು ಆ ಹಡಗಿನಲ್ಲಿ. ಅಲ್ಲಿಂದ ಮುಂದೆ ಟಿಪ್ಪು ಸುಲ್ತಾನನೊಡನೆ ಕೈಗೂಡಿಸಿ ಇಂಡಿಯಾದಲ್ಲಿ ಆಂಗ್ಲರನ್ನು ಮುರಿಯಬೇಕೆಂಬ ಆಸೆ ಆತನಿಗಿತ್ತು. 1798ರ ಆಗಸ್ಟ್ 1ರಂದು ನೈಲ್ ನದಿಯ ಮುಖದ ಬಳಿ ನೆಲ್ಸನ್ ಫ್ರೆಂಚರ ಹಡಗುಪಡೆಯನ್ನು ಹಾಳುಮಾಡಿದ. ಲೋರಿಯಾಂ ಸಿಡಿದು ಮುಳುಗಿತು. ಒಡನೆಯೆ ನೆಲ್ಸನ್ ಒಬ್ಬ ಅಧಿಕಾರಿಯನ್ನು ನೆಲದ ಹಾದಿಯಿಂದ ಮುಂಬಯಿಗೆ ಅಟ್ಟಿ ಸುದ್ದಿ ಮುಟ್ಟಿಸಿದನು. ಈಸ್ಟ್ ಇಂಡಿಯಾ ಕಂಪನಿ ಆ ಗೆಲುವಿಗಾಗಿ ಆತನಿಗೆ 10,000 ಪೌಂಡಿನ ಕಾಣಿಕೆ ಕೊಟ್ಟಿತು. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಬರೆದ ಕಾಗದ ನಡುವೆಯೇ ಆಂಗ್ಲರ ಕೈಗೆ ಸಿಕ್ಕಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ನೆಲ್ಸನ್ ಗುಂಡಿನ ಸದ್ದನ್ನು ಮೊದಲು ಕೇಳಿದ್ದೂ ನಮ್ಮವರಿಂದಲೆ: 1775ರ ಫೆಬ್ರವರಿ 19ರಂದು, 16ರ ಹುಡುಗನಾಗಿ 'ಸೀಹಾರ್ಸ್' ಎಂಬ ಹಡಗಿನಲ್ಲಿ ಮುಂಬಯಿಯತ್ತ ಬರುತ್ತಿದ್ದಾಗ, ಹೈದರಾಲಿಯ ಎರಡು ಹಡಗುಗಳು ಮೇಲೆ ಬಿದ್ದವು. ಸ್ವಲ್ಪ ಹೊತ್ತಿನ ಗುಂಡಿನ ವಿನಿಮಯದಲ್ಲಿ ಅದು ಮುಗಿಯಿತು.

ಸಂತೆಯವರು ತಾವು ನಿಲ್ಲಿಸಿದ್ದನ್ನು ತಾವೇ ನೋಡಿಕೊಂಡರೆಂಬುದಕ್ಕೆ ಒಂದು ನಿದರ್ಶನ. ಜೋಸೆಫ್ ಫ್ಯಾರರ್ ಎಂಬ ಹರಾಜುಗಾರ, ವಿಗ್ರಹವನ್ನೂ ಪೀಠವನ್ನೂ ತೊಳೆದು ಚೊಕ್ಕಟವಾಗಿಡಲು ವಾರಕ್ಕೆ 6 ಪೆನ್ಸು ಸಲ್ಲುವಂತೆ ದತ್ತಿ ಬಿಟ್ಟನು. ನಂದಾದೀವಿಗೆಗೆ ಎಣ್ಣೆ ನಡೆಯಲೆಂದು ಗಾಣಿಗರೂ ಸೆಟ್ಟಿಗಳೂ ಬಿಟ್ಟ ದತ್ತಿಗಳನ್ನು ನಮ್ಮ ಶಾಸನಗಳಲ್ಲಿ ಓದಿದವರಿಗೆ ಈ ಹರಾಜುಗಾರ ಅಪರಿಚಿತನೆನಿಸುವುದಿಲ್ಲ.

ಹೀಗೆಂದ ಮಾತ್ರಕ್ಕೆ ಆ ಊರವರು ಶುದ್ಧ ಹಸ್ತದವರೆಂದು ಹೇಳಲಾಗದು. ಕಡಲ ಹಾದಿ ಭದ್ರವಾಗಿದ್ದರೆ ಬರ್ಮಿಂಗ್‌ಹ್ಯಾಮಿನ ಸರಕು ಹೊರನಾಡಿಗೆ ಹೋಗುತ್ತಿತ್ತು. ಆ ಸರಕಿನಲ್ಲಿ ಪಶ್ಚಿಮ ಆಫ್ರಿಕದ ಗುಲಾಮರ ವ್ಯಾಪಾರಕ್ಕೆ ಹೋದ ಕೋವಿಗಳೂ ಸೇರಿದ್ದವು. ಆ ವ್ಯಾಪಾರವನ್ನು ಬ್ರಿಟನ್ ನಿಷೇಧಿಸಿದ್ದು 1807ರಲ್ಲಿ, ವಿಗ್ರಹಕ್ಕೆ ಎರಡೇ ವರ್ಷ ಮೊದಲು. ನೆಲ್ಸನ್ನನೂ ಅದರ ನಿಷೇಧಕ್ಕೆ ಒಲಿದವನಲ್ಲ. ಸಾಯುವ ವರ್ಷ ಜಮೈಕದ ಒಬ್ಬ ತೋಟದ ಧಣಿಗೆ ಬರೆದ ಕಾಗದದಲ್ಲಿ ಧಣಿಗಳ ಪಕ್ಷವನ್ನೇ ಹಿಡಿದಿದ್ದನು. ಇದೇ ವೆಸ್ಟ್‌ಮಕಾಟ್ ಮಾಡಿದ ಇನ್ನೊಂದು ನೆಲ್ಸನ್ ವಿಗ್ರಹ 1813ರಲ್ಲಿ ಬಾರ್ಬಡೋಸ್ ದ್ವೀಪದ ಬ್ರಿಜ್‌ಟೌನಿನಲ್ಲಿ ನಿಂತಿತು. ಅಲ್ಲಿ ವಂತಿಗೆ ಕೊಟ್ಟವರು ಗುಲಾಮರನ್ನು ಇಟ್ಟುಕೊಂಡವರು. 2020ರ ನವೆಂಬರ್ 16ರಂದು ಆ ದೇಶದವರು ಅದನ್ನು ಕೆಳಗಿಳಿಸಿದರು. ಒಬ್ಬನೇ ವೀರ, ಒಬ್ಬನೇ ಶಿಲ್ಪಿ. ಆದರೆ ನಿಲ್ಲಿಸಿದವರು ಬೇರೆ, ನೋಡುತ್ತಿದ್ದವರು ಬೇರೆ. ಅವರು ಇಳಿಸಿದ್ದರಲ್ಲಿ ನನಗೆ ಅನ್ಯಾಯ ಕಾಣುವುದಿಲ್ಲ.

ಬುಲ್ ರಿಂಗಿನ ನೆಲ್ಸನ್ ಅಷ್ಟರಲ್ಲಿ ಬೇರೊಂದು ಉಪಯೋಗಕ್ಕೆ ಬಂದಿದ್ದನು. ಊರಿನಲ್ಲಿ ಸಭೆ ಕೂಡಬೇಕಾದರೆ ಜನ ಸೇರುತ್ತಿದ್ದುದು ಆ ವಿಗ್ರಹದ ಬುಡದಲ್ಲಿ. 1839ರಲ್ಲಿ ಚಾರ್ಟಿಸ್ಟರು, ಎಂದರೆ ಎಲ್ಲ ಗಂಡಸರಿಗೂ ಮತದ ಹಕ್ಕು ಬೇಕೆಂದು ಕೇಳಿದ ಕೂಲಿಕಾರರು, ಅಲ್ಲಿ ದಿನವೂ ಕೂಡುತ್ತಿದ್ದರು. ಜುಲೈ 4ರಂದು ಲಂಡನ್ನಿನಿಂದ ರೈಲಿನಲ್ಲಿ ಕರೆಸಿದ ಪೋಲೀಸರು ಅವರ ಮೇಲೆ ಬಿದ್ದರು. ಹೊಸದಾಗಿ ಹುಟ್ಟಿದ ನಗರಸಭೆಯ ಮೇಯರು ತಾನೇ ಮುಂದೆ ನಿಂತಿದ್ದನೆಂಬುದು ಖೇದದ ಸಂಗತಿ. ಸುಧಾರಣೆಯ ಮಾತಾಡಿ ಅಧಿಕಾರಕ್ಕೆ ಬಂದವರವರು. ಪೋಲೀಸರನ್ನು ಖಂಡಿಸುವ ನಿರ್ಣಯವನ್ನು ಅಚ್ಚುಹಾಕಿಸಿದ್ದಕ್ಕಾಗಿ ವಿಲಿಯಂ ಲೊವೆಟ್ ಮತ್ತು ಜಾನ್ ಕಾಲಿನ್ಸ್ ಎಂಬವರು ಒಂದು ವರ್ಷ ಸೆರೆಮನೆ ಕಂಡರು. ಜುಲೈ 15ರಂದು ಮತ್ತೆ ಗಲಭೆಯಾಗಿ ಬುಲ್ ರಿಂಗಿನ ಅಂಗಡಿಗಳು ಉರಿದವು. ವಾಟರ್ಲೂ ಗೆದ್ದ ವೆಲಿಂಗ್ಟನ್, ಮುತ್ತಿಗೆ ಹಾಕಿ ಹಿಡಿದ ಊರಿಗೂ ಇಂಥ ಗತಿ ಬಂದುದನ್ನು ತಾನು ನೋಡಿಲ್ಲವೆಂಬರ್ಥದ ಮಾತನ್ನು ಪಾರ್ಲಿಮೆಂಟಿನಲ್ಲಿ ಆಡಿದನು. ಊರು ಕೊಳ್ಳೆಹೋದದ್ದನ್ನು ಕಣ್ಣಾರೆ ಕಂಡವನ ಮಾತು, ಹೆಚ್ಚಾಯಿತೆನ್ನದೆ ವಿಧಿಯಿಲ್ಲ.

ಆಮೇಲೆ ನೂರು ವರ್ಷ ವಿಶೇಷವೇನೂ ಇಲ್ಲ. 1835ರಲ್ಲಿ ಕಟ್ಟಿದ ಭವ್ಯವಾದ ಮಾರುಕಟ್ಟೆಯ ಹಜಾರ 1940ರ ಆಗಸ್ಟಿನಲ್ಲಿ ಜರ್ಮನರ ಬಾಂಬಿಗೆ ಸುಟ್ಟು ಮೇಲ್ಚಾವಣಿ ಕಳೆದುಕೊಂಡಿತು. ವರ್ತಕರು ಬಯಲ ಗೋಡೆಗಳ ನಡುವೆಯೇ ಅಂಗಡಿ ಹೂಡಿದರು. ನೆಲ್ಸನ್ನನಿಗೆ ಏನೂ ಆಗಲಿಲ್ಲ. ಬಾಂಬು ಮಾಡದ್ದನ್ನು ನಗರ ಸುಧಾರಣೆ ಮಾಡಿತು. 1960ರ ಸುಮಾರಿಗೆ ಹಳೆಯ ಬುಲ್ ರಿಂಗನ್ನು ಕೆಡವಿ, ಕಾಂಕ್ರೀಟಿನ ಹೊಸ ವ್ಯಾಪಾರ ಕೇಂದ್ರವನ್ನು ಕಟ್ಟಿ 1964ರಲ್ಲಿ ತೆರೆದರು. ವಿಗ್ರಹ ಬೇರೆ ಕಡೆಗೆ ಸರಿಯಿತು. ಆ ಸಾಗಾಟದಲ್ಲಿ ಅಮೃತಶಿಲೆಯ ಹಳೆಯ ಪೀಠ ಕೆಟ್ಟುಹೋಯಿತು. ಅದರ ಬದಲಿಗೆ ಪೋರ್ಟ್‌ಲೆಂಡ್ ಕಲ್ಲಿನ ಬೇರೊಂದು ಪೀಠ ಬಂದಿತು. ಕಿರೀಟ ತೊಟ್ಟು ಅಳುತ್ತಿದ್ದ ಊರತಾಯಿ, ಚುಕ್ಕಾಣಿ ಹಿಡಿದು ಬಂದ ಮಕ್ಕಳು, ಎಲ್ಲ ಹೋದರು. ಹಣ ಕೊಟ್ಟ ಜನ ತಮ್ಮ ರೂಪವೆಂದು ಮಾಡಿಸಿಕೊಂಡದ್ದು ಅದೊಂದೇ ಭಾಗ. ವೀರ ಉಳಿದ, ಅವನನ್ನು ನೆನೆದವರು ಅಳಿದರು. ಪೀಠವನ್ನು ಬರಿಯ ಮಣೆಯೆಂದು ತಿಳಿಯುವವರ ಕೈಯಲ್ಲಿ ಹೀಗಾಗುತ್ತದೆ.

ಆ ಕಾಂಕ್ರೀಟು ಕಟ್ಟಡಕ್ಕೆ ನಾಲ್ವತ್ತು ವರ್ಷ ಆಯುಸ್ಸೂ ಇರಲಿಲ್ಲ. ಅದನ್ನೂ ಕೆಡವಿ 2003ರ ಸೆಪ್ಟೆಂಬರಿನಲ್ಲಿ ಮತ್ತೊಂದನ್ನು ತೆರೆದರು. ನೆಲ್ಸನ್ ಸೇಂಟ್ ಮಾರ್ಟಿನ್ ಚರ್ಚಿನತ್ತ ನೋಡುವ ಮೇಲಣ ಅಂಗಳಕ್ಕೆ ಮರಳಿದನು. ಭರ್ಜಿಯ ಕಟಾಂಜನ ಮಾತ್ರ ಬರಲಿಲ್ಲ, ಉಗ್ರಾಣದಲ್ಲಿ ಬಿದ್ದಿತ್ತು. ಊರಿನ ಕೆಲವರು ಸುಮ್ಮನಿರದೆ ನಗರಸಭೆಯ ಬೆನ್ನು ಬಿದ್ದರು. 2005ರಲ್ಲಿ, ಟ್ರಫಾಲ್ಗರ್ ಕದನದ 200ನೆಯ ವರ್ಷದ ಉತ್ಸವದ ಹೊತ್ತಿಗೆ, ಕಟಾಂಜನವನ್ನು ದುರಸ್ತಿ ಮಾಡಿಸಿ ಮತ್ತೆ ಸುತ್ತಲೂ ನಿಲ್ಲಿಸಿದರು.

ಹೊಸ ಕಟ್ಟಡದ ಜೊತೆಗೆ ಬಂದ ಕಂಚಿನ ಗೂಳಿಯೊಂದು ಸಮೀಪದಲ್ಲೇ ಇದೆ. ಬಂದವರೆಲ್ಲ ಅದರ ಮೈದಡವಿ ಅದರೊಡನೆ ಚಿತ್ರ ತೆಗೆಸಿಕೊಳ್ಳುತ್ತಾರೆ. ಸ್ಥಳದ ಹೆಸರಿಗೆ ಅದೇ ತಕ್ಕದ್ದು, ಆಕ್ಷೇಪಿಸಲಾಗದು. ಓದಿಗೋ ಉದ್ಯೋಗಕ್ಕೋ ಆ ಊರಿಗೆ ಹೋಗುವ ಕನ್ನಡಿಗರು ಗೂಳಿಯನ್ನು ನೋಡಿದ ಮೇಲೆ ನೆಲ್ಸನ್ನನ ಬಳಿಗೂ ಹೋಗಿ, ಹಡಗಿನ ಮುಂಭಾಗದ ಮೇಲೊಮ್ಮೆ ಕಣ್ಣಾಡಿಸಬಹುದು.